ದಿಕ್ಕು ತಪ್ಪಿದ ನದಿ

೨೦೧೧ರ ಮಾರ್ಚ್ ೮, ಮಂಗಳವಾರ, ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ಟಟಲ್ ಮೇಷ್ಟ್ರ ಪೆನ್ಸಿಲ್ ಪದಬಂಧದ ಕೆಳಗಿನ ಬಲ ಮೂಲೆಯಲ್ಲಿ ನಿಂತುಬಿಟ್ಟಿತು.

"ಯಾಕೋ ಓರಿನ್, ನಿದ್ದೆ ಬಂತಾ?" ಎಂದಳು ಎದುರಿಗೆ ಕೂತ ಬರ್ನೀಸ್. ಅವಳು ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದು ನಿವೃತ್ತಳಾದವಳು. ಇಂಗ್ಲಿಷ್ ಪದಬಂಧದ ಸುಳುಹುಗಳನ್ನು ಗಟ್ಟಿಯಾಗಿ ಓದುವ ಕೆಲಸ ಅವಳದು. "ಲಿಸ್ಬನ್ ನಗರದ ನದಿ. ಎಡದಿಂದ ಬಲಕ್ಕೆ, ಐದಕ್ಷರ. ಟೇಗಸ್. ಬರಿ, ಮುಂದೆ ಹೋಗೋಣ."

ಮೇಷ್ಟ್ರು ಬರೆಯಲಿಲ್ಲ. ತಲೆಯೆತ್ತಿ ಡೆಲ್ಫಿನ್ ಕಡೆ ನೋಡಿದರು.

ಡೆಲ್ಫಿನ್ ನೊವಾಕ್ ಕಾಫಿ ಬಗ್ಗಿಸುತ್ತಿದ್ದಳು. ಅಮೆರಿಕದ ರಾಚೆಸ್ಟರಿನ ಆ ಚಿಕ್ಕ ಹೋಟೆಲಿನಲ್ಲಿ ಪ್ರತಿ ಮಂಗಳವಾರ ಸೇರುವ ಅವರ ಕೂಟಕ್ಕೆ ಒಂದು ಕಟ್ಟುಪಾಡಿತ್ತು. ಯಾರ ಪದಬಂಧವನ್ನು ವಿಮರ್ಶಿಸುತ್ತಾರೋ ಅವರು ಎಲ್ಲರಿಗೂ ಕಾಫಿ ಬಗ್ಗಿಸಿಕೊಡಬೇಕು, ಕೊನೆಯ ಮಾತು ಮುಗಿಯುವವರೆಗೆ ಬಾಯಿ ಬಿಡಬಾರದು. ಇವತ್ತು ಅವಳಿಗೆ ಅದೇನೂ ಕಷ್ಟವಾಗಿರಲಿಲ್ಲ. ಹನ್ನೊಂದು ಸಲ ತಿರಸ್ಕರಿಸಿದ ಪತ್ರಿಕೆ ಹನ್ನೆರಡನೆಯದನ್ನು ಒಪ್ಪಿಕೊಂಡಿತ್ತು. ಮುಖದಲ್ಲಿ ನಗು ತಡೆಯಲಾರದೆ ಮೂರು ಲೋಟಗಳನ್ನೂ ತುಳುಕುವಷ್ಟು ತುಂಬಿದ್ದಳು.

ವಸ್ತು ನಿಜಕ್ಕೂ ಸೊಗಸಾಗಿತ್ತು. ಉತ್ತರಕ್ಕೆ ಹರಿಯುವ ಐದು ನದಿಗಳು: ನೈಲ್, ಲೆನಾ, ರೈನ್, ಯೆನಿಸೇ, ಜೆನೆಸೀ. ಐದನ್ನೂ ಕೆಳಗಿನಿಂದ ಮೇಲಕ್ಕೆ ಬರೆಯಬೇಕು. ಬಿಡಿಸುವವರು ಮೊದಲು ಮೇಲಿನಿಂದ ತುಂಬಲು ಹೋಗಿ ತಡವರಿಸುತ್ತಾರೆ. ಆಮೇಲೆ ಎಲ್ಲೋ ಒಂದು ಕಡೆ, ಪದಬಂಧವೇ ನಕಾಶೆ, ಮೇಲಿರುವುದು ಉತ್ತರ ಎಂದು ಹೊಳೆಯುತ್ತದೆ. ಊರ ನಡುವೆ ಹರಿಯುವ ಜೆನೆಸೀಯನ್ನು ಸೈಬೀರಿಯಾದ ಮಹಾನದಿ ಯೆನಿಸೇಗೆ ಸರಿಜೋಡಿಯಾಗಿ ಎದುರುಬದುರು ಕೂರಿಸಿದ್ದಳು. ಇಂಗ್ಲಿಷಿನಲ್ಲಿ ಎರಡಕ್ಕೂ ಏಳೇಳು ಅಕ್ಷರ. ಹಾಳೆಯನ್ನು ತಲೆಕೆಳಗು ಹಿಡಿದರೂ ಕಪ್ಪು ಮನೆಗಳು ಇದ್ದಲ್ಲೇ ಇರಬೇಕೆಂಬ ನಿಯಮಕ್ಕೆ ಒಂದಿಷ್ಟೂ ಕೊರತೆಯಿರಲಿಲ್ಲ. ಇವಳಿಗೆ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು ನಾನು ಎಂದು ಮೇಷ್ಟ್ರು ಆ ದಿನ ಹೋಟೆಲಿನವರಿಗೂ ಹೇಳಿಯಾಗಿತ್ತು.

ಈಗ ಹೇಳಬೇಕೋ ಬೇಡವೋ? ಕರಡನ್ನು ಎರಡು ಸಲ ನೋಡಿದ್ದವರು ತಾವೇ. ಸಂಪಾದಕರ ಕಣ್ಣಿಗೂ ಬಿದ್ದಿಲ್ಲ. ಅಚ್ಚಾಗಲು ಇನ್ನೂ ಮೂರು ವಾರವಿತ್ತು.

"ಡೆಲ್ಫಿನ್," ಎಂದರು, "ಟೇಗಸ್ ಯಾವ ಕಡೆ ಹರಿಯುತ್ತಮ್ಮಾ?"

ಅವಳು ರೂಢಿಯಂತೆ ಬಾಯಿ ಮುಚ್ಚಿಕೊಂಡೇ ನಕ್ಕಳು. ಮರುಕ್ಷಣ ನಗು ಹಾಗೇ ಉಳಿದು ಕಣ್ಣು ಮಾತ್ರ ಬದಲಾಯಿತು.

"ಪಶ್ಚಿಮಕ್ಕೆ," ಎಂದು ಮೇಷ್ಟ್ರೇ ಹೇಳಿದರು. "ಸ್ಪೇನಿಂದ ಸಮುದ್ರಕ್ಕೆ. ನಿನ್ನ ಮನೆಗಳಲ್ಲಿ ಪೂರ್ವಕ್ಕೆ ಹೋಗ್ತಿದೆ. ದಿಕ್ಕೇ ನಿನ್ನ ವಸ್ತು. ಐದು ನದಿ ನಿನ್ನ ಮಾತು ಕೇಳ್ತಾವೆ, ಆರನೇದು ಕೇಳ್ತಿಲ್ಲ."

ಪದಬಂಧ ಕಟ್ಟುವವರು ಮಾತ್ರ ಮಾಡಬಲ್ಲ ತಪ್ಪು ಅದು. ಕಟ್ಟುತ್ತಾ ಕಟ್ಟುತ್ತಾ ಅವರಿಗೆ ಟೇಗಸ್ ಎಂದರೆ ನದಿಯಾಗಿ ಉಳಿಯುವುದಿಲ್ಲ; ಇಕ್ಕಟ್ಟಿನ ಮೂಲೆಗೆ ಗಾರೆಯಂತೆ ಮೆತ್ತುವ ಐದು ಅಕ್ಷರ, ಅಷ್ಟೇ. ನದಿಗಳ ಪದಬಂಧದೊಳಗೇ ನದಿಯೊಂದು ನುಸುಳಿದ್ದು ಮೂವರಲ್ಲಿ ಯಾರಿಗೂ ಕಂಡಿರಲಿಲ್ಲ.

"ಸಂಪಾದಕರೇ ಒಪ್ಪಿದ್ದಾರೆ ಮೇಷ್ಟ್ರೇ!" ಡೆಲ್ಫಿನ್ ಕಟ್ಟುಪಾಡು ಮುರಿದಳು.

"ಬಾಯಿ, ಬಾಯಿ," ಎಂದಳು ಬರ್ನೀಸ್.

"ಇರಿ ಬರ್ನೀಸಮ್ಮ! ಹನ್ನೊಂದು ಸಲ ಬೇಡ ಅನ್ನಿಸ್ಕೊಂಡೋಳು ನಾನು. ಈಗ ಹೋಗಿ ತಪ್ಪಿದೆ ಸ್ವಾಮಿ, ವಾಪಸ್ ಕೊಡಿ ಅಂದ್ರೆ, ಸರಿ ಹಾಗಾದ್ರೆ ಬೇಡವೇ ಬೇಡ ಅಂದುಬಿಟ್ರೆ? ಯಾರು ನೋಡ್ತಾರೆ ಟೇಗಸ್ಸನ್ನ?"

"ನೋಡೋ ಒಬ್ಬ ಸಿಕ್ಕೇ ಸಿಗ್ತಾನೆ," ಎಂದರು ಮೇಷ್ಟ್ರು. ಆಮೇಲೆ ದನಿ ತಗ್ಗಿಸಿ, "ಸುಲಭದ ದಾರಿ ಇದೆ. ಮೂಲೆಯಲ್ಲೊಂದು ಮನೆ ಕಪ್ಪು ಮಾಡು, ಪದ ನಾಲ್ಕಕ್ಷರಕ್ಕೆ ಇಳಿಯುತ್ತೆ. ಎದುರು ಮೂಲೆಯಲ್ಲೂ ಒಂದು. ಈಗ ಮೂವತ್ತಾರು ಕಪ್ಪು ಮನೆ ಇವೆ, ಮೂವತ್ತೆಂಟಾಗುತ್ತೆ. ಯಾರೂ ಏನೂ ಅನ್ನಲ್ಲ."

"ಕಳ್ಳ ಮನೆ ಹಾಕು ಅಂತೀರಾ?" ಡೆಲ್ಫಿನ್ ಕಾಫಿ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. "ನೀವು? ಪದ ತೋಚದೇ ಇದ್ದೋರು ಕಪ್ಪು ಬಳೀತಾರೆ ಅಂತ ನಂಗೆ ಹೇಳಿಕೊಟ್ಟೋರೇ ನೀವು!"

ಹಾಳೆಯನ್ನು ಕಿತ್ತುಕೊಂಡು, ಕೋಟನ್ನು ಅರ್ಧ ತೊಟ್ಟು, ತನ್ನ ತಟ್ಟೆಯ ಸೇಬಿನ ಪೈಯನ್ನು ಮುಟ್ಟದೆಯೇ ಹೊರಟುಹೋದಳು.

ಬರ್ನೀಸ್ ಆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಹುಡುಗಿ ಸಂತೋಷವಾಗಿತ್ತು. ಒಂದು ವಾರ ತಡ್ಕೊಳ್ಳೋಕೆ ಆಗ್ತಿರ್ಲಿಲ್ವಾ ನಿಂಗೆ?"

ಆ ವಾರವೆಲ್ಲ ಮೇಷ್ಟ್ರು ಫೋನಿನ ಬಳಿ ಹೋಗಿ ಹೋಗಿ ಹಿಂತಿರುಗಿದರು. ಸುಲಭದ ದಾರಿಯನ್ನು ತೋರಿಸಿದ್ದಕ್ಕೆ ಅವರಿಗೆ ನಾಚಿಕೆಯಾಗಿತ್ತು. ತಪ್ಪನ್ನು ತೋರಿಸಿದ್ದಕ್ಕೆ ಮಾತ್ರ ಆಗಿರಲಿಲ್ಲ.

ಮುಂದಿನ ಮಂಗಳವಾರ ಡೆಲ್ಫಿನ್ ಬಂದಳು. ಅವಳು ಕೆಲಸ ಮಾಡುವ, ಹಲ್ಲಿನ ಕವಚಗಳನ್ನು ತಯಾರಿಸುವ ಕಾರ್ಖಾನೆಯ ಬಿಳಿ ಪುಡಿ ಇನ್ನೂ ತೋಳಿನ ಮೇಲಿತ್ತು. ಕೂರಲಿಲ್ಲ. ಹಾಳೆಯನ್ನು ಮೇಷ್ಟ್ರ ಮುಂದಿಟ್ಟು ನೇರವಾಗಿ ಹೋಗಿ ಕಾಫಿ ಪಾತ್ರೆ ಹಿಡಿದು ಬಂದಳು.

"ಮೊದಲು ಒಂದು ಮಾತು, ಆಮೇಲೆ ಬಾಯಿ ಮುಚ್ತೀನಿ," ಎಂದಳು. "ಸಂಪಾದಕರಿಗೆ ನಾನೇ ಫೋನ್ ಮಾಡ್ದೆ. ಶುಕ್ರವಾರದೊಳಗೆ ಕಳ್ಸು ಅಂದ್ರು, ಕಳ್ಸಿದೆ. ಹಳೇದೇ ಪರವಾಗಿರಲಿಲ್ಲವಲ್ಲ ಅಂದ್ರು. ಪರವಾ ಇದೆ ಸಾರ್, ಹೊಸದನ್ನೇ ಹಾಕಿ ಅಂದೆ. ಹಾಕ್ತಾರಂತೆ."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಟೇಗಸ್ ಇರಲಿಲ್ಲ. ಅದನ್ನು ಪಕ್ಕದ ಪದದಿಂದ ಬೇರ್ಪಡಿಸಿದ್ದ ಕಪ್ಪು ಮನೆಯನ್ನೇ ಕಿತ್ತುಹಾಕಿ, ಮೂಲೆಯನ್ನು ಅಂಗಳದಂತೆ ತೆರೆದುಬಿಟ್ಟಿದ್ದಳು. ಐದಕ್ಷರವಿದ್ದ ಕಡೆ ಈಗ ಇಂಗ್ಲಿಷಿನ ಒಂಬತ್ತು ಅಕ್ಷರ: ಡಿಶ್‌ಟವೆಲ್, ಪಾತ್ರೆ ಒರೆಸುವ ಬಟ್ಟೆ. ಎಲ್ಲರ ಅಡುಗೆಮನೆಯಲ್ಲೂ ನೇತಾಡುವ ವಸ್ತು. ಮೇಷ್ಟ್ರಿಗೆ ಯಾವ ಪದಬಂಧದಲ್ಲೂ ಕಂಡ ನೆನಪಿಲ್ಲ. ಅದನ್ನು ದಾಟುವ ಪದಗಳಲ್ಲಿ ಒಂದಾದರೂ ಜಾಳಾಗಿದೆಯೇ ಎಂದು ಪೆನ್ಸಿಲ್ ತುದಿಯಿಂದ ಒಂದೊಂದನ್ನೇ ತಟ್ಟಿ ನೋಡಿದರು. ಎದುರು ಮೂಲೆಯನ್ನೂ ನೋಡಿದರು; ಅಲ್ಲೂ ಒಂದು ಕಪ್ಪು ಮನೆ ಹೋಗಿತ್ತು.

"ಏನಾದ್ರೂ ಹೇಳೋ," ಎಂದಳು ಬರ್ನೀಸ್. "ಆ ಹುಡುಗಿ ಲೋಟದ ಮೇಲೆಲ್ಲ ಚೆಲ್ತಿದಾಳೆ."

ಕಪ್ಪು ಮನೆಗಳನ್ನು ಮೇಷ್ಟ್ರು ಯಾವಾಗಲೂ ಅರ್ಧ ಎಣಿಸಿ ಇಮ್ಮಡಿ ಮಾಡುತ್ತಿದ್ದರು. ಇವತ್ತು ಮೇಲಿನ ಸಾಲಿನಿಂದ ಶುರುಮಾಡಿ, ಒಂದೊಂದರ ಮೇಲೂ ಬೆರಳಿಟ್ಟು, ಕೆಳಗಿನ ಸಾಲಿನ ಕೊನೆಯವರೆಗೆ ಎಣಿಸಿದರು.

ಮೂವತ್ತನಾಲ್ಕು.