ಬದನೆಕಾಯಿ ಕೊಯ್ಯದ ಬಿದ್ರಿ ಚಾಕು

ನಾನು ಒಂದು ಬಿದ್ರಿ ಚಾಕು. ಚಾಕು ಎಂದ ಕೂಡಲೇ ಹೆದರಬೇಡಿ, ಲಕೋಟೆ ಸೀಳುವುದಷ್ಟೇ ನನ್ನ ಕೆಲಸ. ಬೀದರಿನ ಒಂದು ಗಲ್ಲಿಯಲ್ಲಿ ಖಾಜಾಮಿಯಾ ಎಂಬ ಕುಶಲಕರ್ಮಿ ನನ್ನನ್ನು ಎರಕ ಹೊಯ್ದು, ಮೈಮೇಲೆ ಬೆಳ್ಳಿಯ ಬಳ್ಳಿ ಕೂರಿಸಿದ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ಚಿಟಿಕೆಯಷ್ಟು ನಾಲಗೆಗಿಟ್ಟು ರುಚಿ ನೋಡಿ, ಸರಿಯಿದೆ ಎಂದು ತಲೆಯಾಡಿಸಿ, ಅದನ್ನು ಕಲಸಿದ ಬಿಸಿನೀರಿನಲ್ಲಿ ನನ್ನನ್ನು ಅದ್ದಿದ. ಮೈಯೆಲ್ಲ ಕಪ್ಪಾಯಿತು, ಬೆಳ್ಳಿ ಮಾತ್ರ ಹೊಳೆಯಿತು.

“ಈ ಮಣ್ಣಿಲ್ಲಂದ್ರ ಈ ಕರಿ ಬಣ್ಣ ಬರಂಗಿಲ್ರೀ,” ಎಂದು ಗಿರಾಕಿಗೆ ಹೇಳಿದ.

ಆ ಗಿರಾಕಿ ಗುರುಪಾದಪ್ಪ ಔರಾದೆ. ನಮ್ಮೂರಿನವರೇ, ಕೈರೋದ ಭಾರತೀಯ ರಾಯಭಾರ ಕಚೇರಿಯಲ್ಲಿ ಅಧಿಕಾರಿ. ಅವರ ಜೊತೆ ವಿಮಾನ ಹತ್ತಿದೆ. ಅಲ್ಲಿ ಅವರ ಹೆಂಡತಿ ಕಸ್ತೂರಿಬಾಯಿ ಒಂದು ದಿನ ನನ್ನಿಂದ ಬದನೆಕಾಯಿ ಕೊಯ್ಯಲು ಹೋಗಿ, “ಬದ್ನಿಕಾಯಿ ಸುದ್ದಾ ಕೊಯ್ಯಂಗಿಲ್ಲ, ಇದೆಂಥಾ ಚಾಕು!” ಎಂದು ಮೂಗು ಮುರಿದರು. ಆ ಮಾತು ನನ್ನನ್ನು ಬಹಳ ದಿನ ಚುಚ್ಚಿತು.

ನನ್ನ ಮಾನ ಉಳಿಸಿದ್ದು ವಾರ್ಸಾದಿಂದ ಬರುತ್ತಿದ್ದ ಕಾಗದಗಳು. ಅಲ್ಲಿ ಪಾಠ ಹೇಳುತ್ತಿದ್ದ, ನಮ್ಮೂರಿನವರೇ ಆದ ಇಂದುಮತಿ ಕಮಠಾಣೆ ಎಂಬ ಲೇಖಕಿಯ ಕಥೆಯನ್ನು ದೀಪಾವಳಿ ವಿಶೇಷಾಂಕದಲ್ಲಿ ಓದಿ ನಮ್ಮ ಗುರುಪಾದಪ್ಪ ಸಾಹೇಬರು ಪತ್ರ ಬರೆದಿದ್ದರು. ಮುಖ ನೋಡದೆಯೇ ಸ್ನೇಹ ಬೆಳೆಯಿತು. ಆಕೆಯದು ಮನಬಿಚ್ಚಿದ ಮಾತು. ಇವರದೋ ಕಚೇರಿಯ ಚಾಳಿ. ಹೌದು ಎನ್ನಲೂ ‘ಪರಿಶೀಲಿಸೋಣ’, ಇಲ್ಲ ಎನ್ನಲೂ ‘ಪರಿಶೀಲಿಸೋಣ’.

ಒಮ್ಮೆ ದಪ್ಪ ಕಟ್ಟೊಂದು ಬಂತು. ಆಕೆಯ ಮೊದಲ ಕಾದಂಬರಿ, ಪೂರ್ತಿ ಬೀದರಿನ ಮಾತಿನಲ್ಲಿ. ‘ಇದಕ್ಕೆ ಬೇರೆ ಪ್ರತಿಯಿಲ್ಲ. ಚೆನ್ನಾಗಿದ್ದರೆ ಅಚ್ಚಿಗೆ ಕೊಡುತ್ತೇನೆ, ಇಲ್ಲದಿದ್ದರೆ ಅಲ್ಲೇ ಸುಟ್ಟುಬಿಡಿ’ ಎಂದು ಬರೆದಿದ್ದರು. ಸಾಹೇಬರು ಓದುತ್ತ ನಕ್ಕರು, ಕಣ್ಣೊರೆಸಿಕೊಂಡರು. ಆಮೇಲೆ ಕುಳಿತು ಬರೆದದ್ದೇನು ಗೊತ್ತೇ? ‘ಗಮನಾರ್ಹ ಪ್ರಯತ್ನ. ಎಲ್ಲ ಆಯಾಮಗಳನ್ನೂ ಪರಿಗಣಿಸಿ ಮುಂದುವರಿಯುವುದು ಸೂಕ್ತ.’ ನನಗೆ ಬಾಯಿದ್ದಿದ್ದರೆ ಅಂದೇ ಬೈದುಬಿಡುತ್ತಿದ್ದೆ.

ಮುಂದಿನ ಲಕೋಟೆ ತೆಳ್ಳಗಿತ್ತು. ‘ತಿಳಿಯಿತು. ಸುಟ್ಟುಬಿಡಿ. ಇನ್ನು ನಾನು ಬರೆಯುವುದಿಲ್ಲ.’

ಸಾಹೇಬರ ಮುಖ ಬಿಳುಚಿಕೊಂಡಿತು. “ಏನ್ ಮಾಡಿಬಿಟ್ಟೆ ನಾ!”

“ಚಂದ ಅದ ಅಂತ ನೆಟ್ಟಗ ಬರೀಲಿಕ್ಕ ಸರ್ಕಾರದ ಪರ್ಮಿಷನ್ ಬೇಕೇನ್ರೀ ನಿಮಗ?” ಎಂದರು ಕಸ್ತೂರಿಬಾಯಿ.

ಅಂದೇ ಸಾಹೇಬರು ಊರಿನ ಮಾತಿನಲ್ಲಿ ಬರೆದರು: ‘ತಂಗಿ, ನಿನ್ನ ಕಾದಂಬರಿ ಓದಿ ನಾ ಅತ್ತೀನಿ. ಭಾಳ ಅಂದ್ರ ಭಾಳ ಚಂದ ಅದ. ಒಂದಕ್ಷರ ಮುಟ್ಟಬ್ಯಾಡ. ಈ ಚಾಕು ನಮ್ಮೂರ ಮಣ್ಣಿಂದ ಕರಿ ಆಗ್ಯದ. ನಿನ್ನ ಪುಸ್ತಕನೂ ಹಂಗೇ.’ ಹಸ್ತಪ್ರತಿಯ ಜೊತೆ ನನ್ನನ್ನೂ ಕಟ್ಟಿ ಕಳಿಸಿಬಿಟ್ಟರು. ಅಗಲುವುದಕ್ಕೆ ಸಂಕಟವಾಯಿತು, ಸುಳ್ಳು ಹೇಳಲಾರೆ.

ವಾರ್ಸಾದಲ್ಲಿ ಇಂದುಮತಿ ಆ ಕಾಗದವನ್ನು ಓದಿ ಜೋರಾಗಿ ನಕ್ಕರು, ಮತ್ತೆ ಓದಿ ಅತ್ತರು. ಆಮೇಲೆ ಪ್ರಕಾಶಕರ ಕಾಗದಗಳನ್ನು ಸೀಳುವ ಕೆಲಸ ನನಗೆ ಬಂತು. ಒಬ್ಬರು, ಈ ಭಾಷೆ ಯಾರಿಗೆ ಅರ್ಥವಾದೀತು ಎಂದರು. ಮತ್ತೊಬ್ಬರು, ಕೂಡಲೇ ಅಚ್ಚಿಗೆ ಹಾಕುತ್ತೇವೆ ಎಂದರು.

ಬಿಡುಗಡೆ ಬೀದರಿನಲ್ಲೇ. ಸಭಾಂಗಣ ಕಿಕ್ಕಿರಿದಿತ್ತು. ಸಾಹೇಬರೂ ಲೇಖಕಿಯೂ ಮೊದಲ ಸಲ ಎದುರುಬದುರಾಗಿ ಕೈಮುಗಿದರು. ಬಣ್ಣದ ಕಾಗದ ಸುತ್ತಿ ರಿಬ್ಬನ್ ಬಿಗಿದ ಪುಸ್ತಕದ ಕಟ್ಟು ಮುಖ್ಯ ಅತಿಥಿಗಳ ಕೈಗೆ ಬಂತು. ಅವರು ಎಳೆದಷ್ಟೂ ಗಂಟು ಬಿಗಿಯಾಯಿತು. ಜನ ಮುಸಿಮುಸಿ ನಕ್ಕರು. ಆಗ ಇಂದುಮತಿ ಕೈಚೀಲದಿಂದ ನನ್ನನ್ನು ತೆಗೆದು ಸಾಹೇಬರ ಕೈಗಿತ್ತರು.

“ಅಣ್ಣಾ, ನೀವೇ ಕೊಯ್ರಿ.”

ಜೀವ ಗಟ್ಟಿ ಮಾಡಿಕೊಂಡೆ. ಒಂದೇ ಎಳೆತಕ್ಕೆ ರಿಬ್ಬನ್ ತುಂಡಾಯಿತು! ಚಪ್ಪಾಳೆಯಿಂದ ಸಭಾಂಗಣ ತುಂಬಿಹೋಯಿತು. ಮುಂದಿನ ಸಾಲಿನಿಂದ ಕಸ್ತೂರಿಬಾಯಿಯ ದನಿ ಎಲ್ಲಕ್ಕಿಂತ ಮೇಲೆ ಕೇಳಿಸಿತು. “ಕೊಯ್ತು ನೋಡ್ರೀ, ಕೊಯ್ತು!”

ಈಗ ನನಗೆ ಮುಪ್ಪು. ಬೀದರಿನ ಗ್ರಂಥಾಲಯವೊಂದರ ಗಾಜಿನ ಪೆಟ್ಟಿಗೆಯಲ್ಲಿ, ಆ ಕಾದಂಬರಿಯ ಪಕ್ಕದಲ್ಲೇ ಮಲಗಿದ್ದೇನೆ. ಹೊಸ ಮುದ್ರಣ ಬಂದಾಗಲೆಲ್ಲ ರಿಬ್ಬನ್ ಕೊಯ್ಯಲು ನನ್ನನ್ನು ಹೊರಗೆ ತೆಗೆಯುತ್ತಾರೆ. ಬದನೆಕಾಯಿ ಕೊಯ್ಯಲು ಊರ ತುಂಬ ಬೇರೆ ಚಾಕುಗಳಿವೆ.