ಹತ್ತೊಂಬತ್ತನೆಯ ನಾಣ್ಯ

ಕಾರ್ಸನ್ ಸಿಟಿಯಲ್ಲಿ ಒಟೀಲಿಯಳಿಗೆ ಹುಚ್ಚಿ ಎಂಬ ಹೆಸರು ಬಿದ್ದು ಮೂವತ್ತು ವರ್ಷವಾಗಿತ್ತು. ಹೆಂಗಸರ ಟೋಪಿ ಹೊಲಿಯುವ ಅಂಗಡಿ ಅವಳದು. ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದೆಲ್ಲ ಹೋಗುತ್ತಿದ್ದುದು ಇಪ್ಪತ್ತು ಡಾಲರಿನ ಚಿನ್ನದ ನಾಣ್ಯಗಳಿಗೆ. ಅವಾದರೂ ಎಂಥವು ಬೇಕು? ಇದೇ ಊರಿನ ಟಂಕಸಾಲೆಯಲ್ಲಿ ಅಚ್ಚಾದವು, ಹದ್ದಿನ ಬಾಲದ ಕೆಳಗೆ ಎರಡು ಪುಟ್ಟ ‘ಸಿ’ ಅಕ್ಷರ ಇರುವಂಥವು, ವರ್ಷಕ್ಕೊಂದರಂತೆ. ಟಂಕಸಾಲೆ ಮುಚ್ಚುವುದರೊಳಗೆ ಹತ್ತೊಂಬತ್ತು ವರ್ಷ ಅಂಥ ನಾಣ್ಯ ಅಚ್ಚುಹಾಕಿತ್ತು. ಒಟೀಲಿಯಳ ಬಳಿ ಹದಿನೆಂಟಿದ್ದವು. ಮೊಟ್ಟಮೊದಲ ವರ್ಷದ್ದು, ೧೮೭೦ರದ್ದು, ಎಲ್ಲಿ ಜಾಲಾಡಿದರೂ ಸಿಕ್ಕಿರಲಿಲ್ಲ.

“ದುಡ್ಡಿರೋದು ಖರ್ಚು ಮಾಡೋಕೆ ಕಣಮ್ಮ, ಓದೋಕಲ್ಲ,” ಎಂದು ಎದುರುಗಡೆಯ ಮಾಂಸದಂಗಡಿಯ ಏಮಸ್ ಕೂಗಿ ಹೇಳುತ್ತಿದ್ದ. ಮೂವತ್ತು ವರ್ಷದಿಂದ ಅದೇ ಮಾತು, ಅದೇ ನಗು.

೧೯೩೩ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಿಂದ ಅಪ್ಪಣೆ ಬಂತು. ಮನೆಯಲ್ಲಿರುವ ಚಿನ್ನದ ನಾಣ್ಯಗಳನ್ನೆಲ್ಲ ಮೇ ಒಂದರೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. ತಲೆಗೆ ನೂರು ಡಾಲರಿನಷ್ಟು ಮಾತ್ರ ಇಟ್ಟುಕೊಳ್ಳಬಹುದು. ಹಿಂದಿನ ವರ್ಷವಷ್ಟೇ ನೆವಾಡದ ಬ್ಯಾಂಕುಗಳು ಸಾಲಾಗಿ ಬಾಗಿಲು ಹಾಕಿದ್ದವು. ಬಾಯಿ ಸುಟ್ಟುಕೊಂಡ ಊರಿನವರು ಇದ್ದಬದ್ದ ಚಿನ್ನವನ್ನೆಲ್ಲ ಹಾಸಿಗೆಯೊಳಗೆ, ಹಿಟ್ಟಿನ ಡಬ್ಬಿಯೊಳಗೆ ಹುದುಗಿಸಿಟ್ಟಿದ್ದರು. ಅಪ್ಪಣೆಯ ಕೆಳಗೆ ಒಂದು ಸಾಲು ಮಾತ್ರ ಎಲ್ಲರ ಕಣ್ಣಿಗೂ ಬಿತ್ತು: ಸಂಗ್ರಹಕಾರರ ಅಪರೂಪದ ನಾಣ್ಯಗಳಿಗೆ ಇದು ಅನ್ವಯಿಸದು.

ಬೆಳಗಾಗುವುದರೊಳಗೆ ಊರಿಗೆ ಊರೇ ನಾಣ್ಯಸಂಗ್ರಹಕಾರರ ಊರಾಯಿತು. ನಿಜವಾದ ಸಂಗ್ರಹಕಾರರು ಯಾರೆಂದು ಬ್ಯಾಂಕಿನವರು ಬಂದು ಪರೀಕ್ಷೆ ಮಾಡುತ್ತಾರಂತೆ ಎಂಬ ಸುದ್ದಿಯೂ ಹಬ್ಬಿತು. ಟೋಪಿ ಅಂಗಡಿಯ ಮುಂದೆ ಸಾಲು ನಿಂತಿತು.

“ಅಕ್ಕಾ, ನಂಗೂ ಚಿಕ್ಕಂದಿನಿಂದ ಇದ್ರ ಮೇಲೆ ಪ್ರಾಣ,” ಎಂದಳು ಕ್ಷೌರಿಕನ ಹೆಂಡತಿ ಡಾರ್ಕಸ್.

“ಹೋದ ವಾರ ನನ್ನನ್ನ ನೋಡಿ ತಲೆ ಸುತ್ತ ಬೆರಳು ತಿರುಗಿಸಿದ್ಯಲ್ಲೇ!”

“ಕೂದ್ಲು ಸರಿಮಾಡ್ಕೋತಿದ್ದೆ ಅಕ್ಕಾ, ನಿನ್ನಾಣೆ.”

ಒಟೀಲಿಯಳಿಗೆ ನಗು ತಡೆಯಲಿಲ್ಲ. ಆದರೆ ನಗುನಗುತ್ತಲೇ ಅವಳಿಗೆ ಮೈ ಜುಮ್ಮೆಂದಿತು. ಊರು ಬಚ್ಚಿಟ್ಟ ಚಿನ್ನವೆಲ್ಲ ಬೆಳಕಿಗೆ ಬರುತ್ತಿದೆ! ಅದರಲ್ಲೆಲ್ಲೋ ೧೮೭೦ರದ್ದು ಇದ್ದರೆ? ಇದ್ದು, ಯಾರ ಕಣ್ಣಿಗೂ ಬೀಳದೆ ಬ್ಯಾಂಕಿನ ಚೀಲ ಸೇರಿದರೆ, ಅಲ್ಲಿಂದ ಕರಗಿಸುವ ಕುಲುಮೆಗೆ ಹೋದ ಹಾಗೆಯೇ.

“ಪಾಠ ಹೇಳ್ಕೊಡ್ತೀನಿ. ಆದ್ರೆ ಒಂದೊಂದು ನಾಣ್ಯಾನೂ ಮೊದ್ಲು ನನ್ನ ಕಣ್ಣಿಗೆ ಬೀಳ್ಬೇಕು,” ಎಂದಳು.

ಎರಡು ವಾರ ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಂಚು ಹಿಡಿದು ಎತ್ತುವುದು, ಭೂತಗನ್ನಡಿಯಲ್ಲಿ ಇಸವಿ ಓದುವುದು, ಬಾಲದ ಕೆಳಗಿನ ಅಕ್ಷರ ಹುಡುಕುವುದು ಎಲ್ಲ ಹೇಳಿಕೊಟ್ಟಳು. ಇನ್ನೂರಕ್ಕೂ ಮಿಕ್ಕಿ ನಾಣ್ಯಗಳು ಅವಳ ಬೆರಳ ತುದಿ ಹಾಯ್ದವು. ಹಲವು ಅಪರೂಪದವೇ, ಆದರೆ ೧೮೭೦ರದ್ದು ಇಲ್ಲ. ಏಮಸ್ ಒಬ್ಬನೇ ತನ್ನ ಡಬ್ಬಿಯನ್ನು ತಂದಿರಲಿಲ್ಲ. “ಪರೀಕ್ಷೆ ದಿನ ಒಂದೇ ಸಲ ತರ್ತೀನಿ ಬಿಡಮ್ಮ, ಕೈತುಂಬ ಕೆಲ್ಸ,” ಎಂದು ಕೈ ಕೊಡವಿದ್ದ.

ಪರೀಕ್ಷೆ ನಡೆಸಲು ಬಂದವನು ಫಿಸ್ಕ್ ಎಂಬ ಬ್ಯಾಂಕಿನ ಅಧಿಕಾರಿ. ಬೋಳುತಲೆ, ಬಿಗಿದ ತುಟಿ. ಶನಿವಾರ ಮಧ್ಯಾಹ್ನ ಚರ್ಚಿನ ಸಭಾಂಗಣದಲ್ಲಿ ಎಲ್ಲರೂ ಹಬ್ಬದ ಬಟ್ಟೆ ತೊಟ್ಟು, ಮೇಜಿನ ಮೇಲೆ ನಾಣ್ಯ ಹರಡಿಕೊಂಡು ಕೂತಿದ್ದರು. ಒಳಗೆ ಕಾಲಿಟ್ಟ ಒಟೀಲಿಯಳಿಗೆ ಕಣ್ಣು ಕೋರೈಸಿತು. ಒಂದೊಂದು ನಾಣ್ಯವೂ ಫಳಫಳ ಹೊಳೆಯುತ್ತಿತ್ತು.

“ಏನ್ರೇ ಮಾಡಿದ್ರಿ ಇವನ್ನ?”

“ಅಧಿಕಾರಿಗಳು ಬರ್ತಾರೆ ಅಂತ ಚೆನ್ನಾಗಿ ತೊಳೆದ್ವಿ!” ಡಾರ್ಕಸ್ ಎದೆ ಸೆಟೆಸಿದಳು. “ಒಂದ್ಸಲ ಸೋಡಾದಲ್ಲಿ, ಒಂದ್ಸಲ ಹಲ್ಲುಪುಡೀಲಿ ಉಜ್ಜಿದೀನಿ ಅಕ್ಕಾ.”

ಒಟೀಲಿಯ ಹಣೆ ಹಣೆ ಚಚ್ಚಿಕೊಂಡಳು. ನಾಣ್ಯ ತೊಳೆಯಬಾರದು ಎಂದು ಹೇಳಲು ಅವಳಿಗೆ ಹೊಳೆದೇ ಇರಲಿಲ್ಲ. ಮಗುವನ್ನು ಒಲೆಯ ಮೇಲೆ ಕೂರಿಸಬೇಡಿ ಎಂದು ಯಾರಾದರೂ ಹೇಳುತ್ತಾರೆಯೇ? ಉಜ್ಜಿದರೆ ಮೇಲಿನ ಹಳೆಯ ಪದರವೂ ಹೋಯಿತು, ಬೆಲೆಯೂ ಹೋಯಿತು.

ಫಿಸ್ಕ್ ಒಂದು ನಾಣ್ಯ ಎತ್ತಿ ನೋಡಿದ, ಮೂಸಿ ನೋಡಿದ. “ಪುದೀನ ವಾಸ್ನೆ ಬರ್ತಿದೆ. ನಾಣ್ಯ ಕೂಡಿಸೋರು ಯಾರಾದ್ರೂ ನಾಣ್ಯಕ್ಕೆ ಹಲ್ಲುಜ್ಜಿಸ್ತಾರೇನ್ರಿ? ನೂರು ಡಾಲರ್ ಮೀರಿದ್ದೆಲ್ಲ ಚೀಲಕ್ಕೆ ಹಾಕಿ.”

ಅಷ್ಟರಲ್ಲಿ ಏಮಸ್ ಏದುಸಿರು ಬಿಡುತ್ತ ನುಗ್ಗಿದ. ರಕ್ತದ ಕಲೆಯ ಏಪ್ರನ್ ಹಾಗೇ ಇತ್ತು. “ಸಾಸೇಜು ತುಂಬ್ತಿದ್ದೆ, ಹೊತ್ತಾಯ್ತು,” ಎಂದು ತಂಬಾಕಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಉರುಳಿದ ನಾಣ್ಯಗಳೆಲ್ಲ ಮಂಕಾಗಿ, ಮಾಸಲಾಗಿದ್ದವು.

“ನೀನು ತೊಳೀಲಿಲ್ವಾ?” ಡಾರ್ಕಸ್ ಕೇಳಿದಳು.

“ಈ ಏಪ್ರನ್ ತೊಳ್ದೇ ತಿಂಗಳಾಯ್ತು. ಇವನ್ನೆಲ್ಲಿ ತೊಳೀಲಿ?”

ಒಟೀಲಿಯ ಬಗ್ಗಿ ನೋಡಿದಳು. ನಾಲ್ಕನೆಯ ನಾಣ್ಯದಲ್ಲಿ ಇಸವಿ ೧೮೭೦. ಉಸಿರು ಹಿಡಿದು, ಅಂಚು ಹಿಡಿದು, ತಿರುಗಿಸಿದಳು. ಹದ್ದಿನ ಬಾಲ. ಕೆಳಗೆ ಎರಡು ‘ಸಿ’.

ಆ ಗಳಿಗೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ‘ಇದೊಂದು ನಂಗಿರ್ಲಿ, ತಗೋ ಇಪ್ಪತ್ತು ಡಾಲರ್’ ಎಂದಿದ್ದರೆ ಏಮಸ್ ಗೊಣಗದೆ ಕೊಡುತ್ತಿದ್ದ. ಹಾಗೆ ಕೊಂಡು ಶ್ರೀಮಂತರಾದವರು ಈ ಹುಚ್ಚಿನವರಲ್ಲಿ ಬೇಕಾದಷ್ಟು ಜನ. ಆದರೆ ಒಟೀಲಿಯಳ ಸಂತೋಷ ಅವಳ ಮಾತು ಕೇಳಬೇಕಲ್ಲ!

“ಸಿಕ್ತೂ!” ಎಂದು ಕಿರುಚಿ ಕುರ್ಚಿ ಹತ್ತಿದಳು. ಇಳಿದು ಬಂದು ಡಾರ್ಕಸ್‌ಳನ್ನು ತಬ್ಬಿ ಗಿರಗಿರ ತಿರುಗಿಸಿದಳು. ಸಾಲದ್ದಕ್ಕೆ ಫಿಸ್ಕ್‌ನ ಬೋಳುತಲೆಗೆ ಒಂದು ಮುತ್ತು ಕೊಟ್ಟಳು. “ಎಪ್ಪತ್ತರದ್ದು ಕಣ್ರೋ! ಮೊದಲ್ನೇ ವರ್ಷದ್ದು!”

ಫಿಸ್ಕ್ ಮುತ್ತನ್ನು ಒರೆಸಿಕೊಳ್ಳುವುದನ್ನೂ ಮರೆತು ಭೂತಗನ್ನಡಿ ಹಿಡಿದ. ಅವನ ಬಿಗಿದ ತುಟಿ ಸಡಿಲವಾಯಿತು. “ನಾನೇ ತಗೋತೀನಿ. ನೂರು ಡಾಲರ್ ಕೊಡ್ತೀನಿ.”

“ನಾನು ನನ್ನ ಅಂಗಡೀನೇ ಬರ್ಕೊಡ್ತೀನಿ ಏಮಸ್!” ಎಂದಳು ಒಟೀಲಿಯ.

ಏಮಸ್ ಇಬ್ಬರ ಮುಖವನ್ನೂ ಮಿಕಮಿಕ ನೋಡಿದ. ಆಮೇಲೆ ಫಿಸ್ಕ್‌ನ ಕೈಯಿಂದ ಭೂತಗನ್ನಡಿ ಕಿತ್ತುಕೊಂಡು, ಏಪ್ರನ್ನಿಗೆ ಬೆರಳೊರೆಸಿ, ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ.

“ಕೊಡಲ್ಲ,” ಎಂದ ಕೊನೆಗೆ.

“ಇನ್ನೂರು?” ಎಂದ ಫಿಸ್ಕ್.

“ಸಾವಿರ ಅಂದ್ರೂ ಕೊಡಲ್ಲ ಹೋಗಯ್ಯ. ಇನ್ನೂ ನೋಡಿ ಮುಗ್ದಿಲ್ಲ.”

ಫಿಸ್ಕ್ ನಿಟ್ಟುಸಿರು ಬಿಟ್ಟು, ಹಾಳೆಯಲ್ಲಿ ಒಟೀಲಿಯಳ ಹೆಸರಿನ ಕೆಳಗೆ ಏಮಸ್‌ನ ಹೆಸರನ್ನು ಬರೆದ. ಇಡೀ ಊರಿನಲ್ಲಿ ಸಂಗ್ರಹಕಾರರೆಂದು ದಾಖಲಾದವರು ಅವರಿಬ್ಬರೇ.

“ಜಿಪುಣಾ! ಕಟುಕಾ! ಮೂವತ್ತು ವರ್ಷ ನನ್ನ ನೋಡಿ ನಕ್ಯಲ್ಲೋ!” ಒಟೀಲಿಯಳಿಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು, ಹಾಳಾದ ನಗುವೂ ಬಂತು.

ಏಮಸ್‌ಗೆ ಅದು ಕೇಳಿಸಿದಂತಿರಲಿಲ್ಲ. “ಒಟೀಲಿಯಾ, ಇಲ್ಲಿ ನೋಡು. ಈ ಎರಡು ‘ಸಿ’ ಮಧ್ಯೆ ಎಷ್ಟು ಜಾಗ ಬಿಟ್ಟಿದಾರೆ. ನಿನ್ನ ಎಪ್ಪತ್ತೊಂದರದ್ರಲ್ಲೂ ಹಿಂಗೇ ಇದ್ಯಾ?”

ಒಟೀಲಿಯ ಬೈಯುವುದು ಬಿಟ್ಟು ಅವನ ಪಕ್ಕಕ್ಕೆ ಬಂದು ಬಗ್ಗಿದಳು. ಇಷ್ಟು ವರ್ಷದಲ್ಲಿ ಯಾರೊಬ್ಬರೂ ಅವಳನ್ನು ಇಂಥದ್ದೊಂದು ಪ್ರಶ್ನೆ ಕೇಳಿರಲಿಲ್ಲ.

“ಪಕ್ಕಪಕ್ಕ ಇಟ್ಟು ನೋಡ್ಬೇಕು ಕಣೋ,” ಎಂದಳು. “ಹತ್ತೊಂಬತ್ತನ್ನೂ ಒಂದೇ ಮೇಜಿನ ಮೇಲೆ.”

“ಮತ್ತೆ ನಡಿ, ಈಗ್ಲೇ ಹೋಗೋಣ. ಸಾಸೇಜು ಹಾಳಾಗಿಹೋಗ್ಲಿ.”

ಊರಿನವರು ಕಿಟಕಿಗಳಲ್ಲಿ ತಲೆ ತೂರಿಸಿ ನೋಡುತ್ತಿದ್ದಂತೆ, ಅರವತ್ತು ದಾಟಿದ ಆ ಇಬ್ಬರು ನಡುಬೀದಿಯಲ್ಲಿ ಓಡಿದರು. ಅವನು ನಾಣ್ಯವನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದ. ಅವಳು ಅವನ ಏಪ್ರನ್ನಿನ ದಾರ ಹಿಡಿದುಕೊಂಡು, “ಬೆವರು ತಾಗಿಸ್ಬೇಡ್ವೋ, ಅಂಚು ಹಿಡ್ಕೊಳೋ!” ಎಂದು ಕೂಗುತ್ತ ಹಿಂದೆಯೇ ಓಡುತ್ತಿದ್ದಳು.