ನಿಂತ ಕಾರಿನ ಗಿರಾಕಿ

ಯಾರ ಮನೆಗೆ ಹೋದರೂ ಅವನ ದೃಷ್ಟಿ ಮೊದಲು ಬೀಳುತ್ತಿದ್ದುದು ಚಾವಣಿಯ ದೀಪದ ಮೇಲೆ. ಅದು ಉರಿಯುತ್ತಿದೆಯೆಂದು ಖಾತ್ರಿಯಾದ ಮೇಲೆಯೇ ಮನೆಯವರ ಯೋಗಕ್ಷೇಮ. ಲಿಫ್ಟುಗಳ ತಪಾಸಣೆ ಅವನ ಉದ್ಯೋಗ; ಕಚೇರಿಯಲ್ಲಿ ನನ್ನ ಪಕ್ಕದ ಮೇಜು. ಸುರಕ್ಷಿತವೆಂದು ತಾನೇ ಸಹಿ ಹಾಕಿದ ಲಿಫ್ಟಿನಲ್ಲಿ ನಮ್ಮನ್ನೆಲ್ಲ ಮೇಲಕ್ಕೆ ಕಳುಹಿಸಿ, ತಾನು ಮಾತ್ರ ಒಂದು ಕೈಯಿಂದ ಗೋಡೆ ಸವರುತ್ತ, ಇನ್ನೊಂದನ್ನು ಕೋಟಿನ ಜೇಬಿನಲ್ಲಿದ್ದ ಟಾರ್ಚಿನ ಮೇಲಿಟ್ಟು ಮೆಟ್ಟಿಲೇರಿ ಬರುತ್ತಿದ್ದ. ಸುಡುಬೇಸಿಗೆಯಲ್ಲೂ ಆ ಕೋಟು ಮೈಬಿಟ್ಟು ಇಳಿಯುತ್ತಿರಲಿಲ್ಲ. ‘ಅಕಸ್ಮಾತ್’ ಎನ್ನದೆ ಅವನಿಗೆ ಮಾತೇ ಹೊರಡದ ಕಾರಣ ನಮಗೆಲ್ಲ ಅವನು ಅಕಸ್ಮಾತ್ ಆಗಿಹೋದ. ಹೆತ್ತವರಿಟ್ಟ ಹೆಸರು ಹಾಜರಿ ಕರೆಯುವಾಗ ಮಾತ್ರ ಕಿವಿಗೆ ಬೀಳುತ್ತಿತ್ತು.

ಅವನ ಅಕ್ಕನನ್ನು ಕಂಡ ಮೇಲೆ ನಾನು ನಗುವುದನ್ನು ಕಡಿಮೆ ಮಾಡಿದೆ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದ ಆಕೆ ಒಂದು ಕಾಲಕ್ಕೆ ಸಂಗೀತ ಹೇಳಿಕೊಡುತ್ತಿದ್ದವರು. ಈಗ ಶ್ವಾಸಕೋಶ ಸೋತು, ಆಮ್ಲಜನಕ ಕೊಡುವ ಯಂತ್ರದ ನಳಿಕೆಯನ್ನು ಮೂಗಿಗೇರಿಸಿಕೊಂಡು, ಒಂದೊಂದು ಮಾತನ್ನೂ ಅಳೆದು ತೂಗಿ ಆಡುತ್ತಿದ್ದರು. ಕರೆಂಟು ಇದ್ದರೆ ಯಂತ್ರ, ಯಂತ್ರವಿದ್ದರೆ ಅಕ್ಕ. ಒಮ್ಮೆ ಬಿರುಗಾಳಿಗೆ ಕಂಬಗಳು ಉರುಳಿ, ಇನ್ವರ್ಟರ್ ಕೈಕೊಟ್ಟು, ಮೀಸಲು ಸಿಲಿಂಡರೂ ಬರಿದಾಗಿ, ಆಂಬುಲೆನ್ಸ್ ಬರುವಷ್ಟರಲ್ಲಿ ಆಕೆಯ ತುಟಿ ನೀಲಿಗಟ್ಟಿತ್ತು. ಅಕ್ಕ ಉಳಿದುಕೊಂಡರು. ಆ ನೀಲಿ ಮಾತ್ರ ತಮ್ಮನ ಕಣ್ಣಿನಿಂದ ಹೋಗಲೇ ಇಲ್ಲ. ಮೋಡ ಕವಿದರೆ ಸಾಕು, ಕಚೇರಿಯಿಂದ ಮನೆಗೆ ಫೋನ್ ಮಾಡುತ್ತಿದ್ದ; ಆಕೆಯ ದನಿಯ ಹಿಂದೆ ಯಂತ್ರದ ಗುಂಯ್‌ಗುಡುವಿಕೆ ಕೇಳಿಸಿದ ಮೇಲೆಯೇ ಇಡುತ್ತಿದ್ದ.

ಹೀಗಿರುವಾಗ ಪ್ಲಗ್-ಇನ್ ಹೈಬ್ರಿಡ್ ಕಾರಿನ ಸುದ್ದಿ ಅವನ ಕಿವಿಗೆ ಬಿತ್ತು. ಮನೆಯಲ್ಲೇ ಚಾರ್ಜ್ ಮಾಡುವ ದೊಡ್ಡ ಬ್ಯಾಟರಿ, ಜೊತೆಗೊಂದು ಪೆಟ್ರೋಲ್ ಎಂಜಿನ್; ಕೆಲವು ಕಾರುಗಳಲ್ಲಿ ಹೊರಗಿನ ಉಪಕರಣಗಳಿಗೂ ಕರೆಂಟು ಕೊಡುವ ಸಾಕೆಟ್. ಅಕ್ಕನ ಹಳೆಯ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು, ಧೈರ್ಯಕ್ಕೆ ನನ್ನನ್ನೂ ಎಳೆದುಕೊಂಡು ಶೋರೂಮಿಗೆ ಹೋದ. ಅಲ್ಲಿನ ಮಾರಾಟಗಾರ್ತಿ ಮೈಲೇಜು, ವೇಗ, ಉಳಿತಾಯ ಎಂದು ಅರಳು ಹುರಿದಂತೆ ಹೇಳಿದಳು.

“ಅಕಸ್ಮಾತ್ ಕಾರು ಎಲ್ಲಿಗೂ ಹೋಗದೆ ನಿಂತೇ ಇದ್ರೆ?” ಎಂದ ಇವನು.

“ಓಡಿಸಿ ನೋಡಿ ಸರ್, ಆಮೇಲೆ ಮಾತಾಡೋಣ.”

“ಓಡಿಸೋದು ಬೇಡಮ್ಮ. ನಿಲ್ಲಿಸಿ ನೋಡ್ತೀನಿ.”

ಸಾಕೆಟ್ಟಿಗೆ ಯಂತ್ರವನ್ನು ಸಿಕ್ಕಿಸಿ, ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕುಳಿತು, ಅದರ ಸದ್ದನ್ನೇ ಆಲಿಸಿದ. ಆಕೆ ನನ್ನ ಮುಖ ನೋಡಿದಳು. ನಾನು ಟೈರು ನೋಡಿದೆ. ಅವನ ಬಿಗಿದ ಹೆಗಲು ಸಡಿಲಾದದ್ದನ್ನು ಅಂದು ಮೊದಲ ಸಲ ಕಂಡೆ. ವ್ಯಾಪಾರ ಕುದುರಿತೆಂದು ಆಕೆಗೂ ಅನ್ನಿಸಿರಬೇಕು.

“ಬ್ಯಾಟರಿ ಇಳಿದ್ರೂ ಚಿಂತೆ ಇಲ್ಲ ಸರ್. ಎಂಜಿನ್ ತಾನಾಗೇ ಸ್ಟಾರ್ಟ್ ಆಗುತ್ತೆ. ನೀವು ಮಲಗಿದ್ರೂ ಸರಿ.”

“ತಾನಾಗೇನಾ?”

ಅವನು ಯಂತ್ರದ ಪ್ಲಗ್ ಕಿತ್ತು, ನನ್ನನ್ನು ಪಕ್ಕಕ್ಕೆ ಎಳೆದು ಹೇಳಿದ. ಕಾರು ನಿಲ್ಲಿಸಬೇಕಾದ ಅವನ ಶೆಡ್ಡಿಗೂ ಅಕ್ಕನ ಕೋಣೆಗೂ ನಡುವೆ ಇರುವುದು ಒಂದು ಬಾಗಿಲು. ಎಲ್ಲರೂ ನಿದ್ರಿಸುವಾಗ ಎಂಜಿನ್ ತಾನಾಗಿ ಎದ್ದರೆ, ವಿಷದ ಹೊಗೆ ಆ ಬಾಗಿಲಿನ ಸಂದಿಯಿಂದ ಒಳಗೆ ನುಸುಳಿದರೆ? ಉಸಿರಿಗೆಂದು ತಂದದ್ದೇ ಉಸಿರು ಹಿಸುಕಿದರೆ?

ಆಮೇಲೆ ಅವನು ಮನುಷ್ಯನಾಗಿ ಉಳಿಯಲಿಲ್ಲ. ಕೊಂಡರೆ ಹೊಗೆಯ ಭಯ, ಬಿಟ್ಟರೆ ಗಾಳಿಮಳೆಯ ಭಯ. ಊಟ ಸೇರದು, ಕೆಲಸ ಸಾಗದು. ಕೊನೆಗೊಂದು ಸಂಜೆ, ನಾನೂ ಎದುರಿಗಿರುವಾಗ, ಎಲ್ಲವನ್ನೂ ಅಕ್ಕನ ಮುಂದೆ ತೋಡಿಕೊಂಡ.

“ಬೀದೀಲಿ ನಿಲ್ಸು,” ಎಂದರು ಆಕೆ. “ವಯರು... ಕಿಟಕಿಯಿಂದ ಬರ್ಲಿ.”

“ಅಕಸ್ಮಾತ್ ಯಾರಾದ್ರೂ ಎಡವಿ ಕಿತ್ತು ಹಾಕಿದ್ರೆ?”

ಅಕ್ಕ ಕೈಯೆತ್ತಿ ತಡೆದರು. ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

“ಅಕಸ್ಮಾತ್ ನಾನು ಹೋದ್ರೆ? ಅದೊಂದನ್ನ... ಯಾಕೋ ಕೇಳಲ್ಲ ನೀನು?”

ಅವನು ಕೋಟಿನ ಗುಂಡಿಯನ್ನು ತಿರುಚುತ್ತ ಕುಳಿತ.

“ಹೋಗಬೇಡ ಕಣಕ್ಕ,” ಎಂದ ಕೊನೆಗೆ, ಮಗುವಿನ ದನಿಯಲ್ಲಿ.

“ಅದು ನನ್ನ ಕೈಲಿಲ್ಲ ಮರೀ. ಕಾರು ತಗೋ. ಆದ್ರೆ... ನನ್ನ ಕೂರಿಸ್ಕೊಂಡು ಓಡಿಸ್ಬೇಕು. ಆಚೆ ನೋಡಿ ಎಷ್ಟು ಕಾಲ ಆಯ್ತು.”

ಕೊಂಡ. ಬೀದಿಯಲ್ಲೇ ನಿಲ್ಲಿಸಿದ. ಮೊದಲ ದಿನ ಅಕ್ಕ ಮುಂದಿನ ಸೀಟಿನಲ್ಲಿ, ಸಾಕೆಟ್ಟಿಗೆ ಸಿಕ್ಕಿಸಿದ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ನಾನು ಹಿಂದೆ. ಹಿಂದಿನ ವಾಹನಗಳು ಹಾರ್ನ್ ಹೊಡೆದು ಶಪಿಸುತ್ತಿದ್ದರೂ ಅವನು ಆಮೆಯ ನಡಿಗೆ ಬಿಡಲಿಲ್ಲ. ಅಕ್ಕ ಅಂಗಡಿ ಸಾಲುಗಳನ್ನು ಕಣ್ತುಂಬ ನೋಡಿ, “ಇನ್ನೊಂದು ಸುತ್ತು,” ಎಂದರು.

ಇಂಥ ಅಂಜುಬುರುಕರು ಪ್ರತಿ ಬೀದಿಯಲ್ಲೂ ಒಬ್ಬೊಬ್ಬರಿದ್ದಾರೆ. ಒಂದು ಜೀವಕ್ಕೆ ಕಾವಲು ಕುಳಿತು, ಇದು ಸಾಕೇ, ಅದು ಸಾಕೇ ಎಂದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ತಾವು ಹುಡುಕುವ ಭರವಸೆಯನ್ನು ಯಾರೂ ಮಾರುವುದಿಲ್ಲವೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಒಳಗೆ ಹೋಗಿ ಬೆಲೆ ಕೇಳುತ್ತಾರೆ.